ಒಂಬತ್ತು ಪಿನ್ನಿನ ಕೇಬಲ್ಲು

ಸದಾಶಿವ ಪೇಠ, ಪುಣೆ
೫ ಅಕ್ಟೋಬರ್ ೨೦೦೬

ಪ್ರೀತಿಯ ಅಣ್ಣನಿಗೆ ಶೈಲಾಳ ನಮಸ್ಕಾರಗಳು.

ದಸರೆಯ ಬನ್ನಿ ಈ ಲಕೋಟೆಯೊಳಗೇ ಇದೆ. ತೆಗೆದುಕೋ, ನಿನ್ನ ಹೆಂಡತಿ ನಮ್ಮ ವೈನಿಗೂ ಕೊಡು, ಬಂಗಾರದ ಹಾಗೆ ಇರೋಣ. ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ, ಕೊನೆಗೆ ಜಗಳ ಮಾಡಿ ಇಟ್ಟುಬಿಡುತ್ತೇವೆ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಈಗ ಕೆಲಸದ ಮಾತು. ನಾನು ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಂಡಾಗ ನೀನು ಏನು ಬರೆದಿದ್ದೆ, ನೆನಪಿದೆಯೇ? ‘ಕ್ಲಾಸಿನಲ್ಲಿ ಹುಡುಗರಿಗೆ ಫಿಸಿಕ್ಸ್ ಒದರಿದ್ದು ಸಾಲಲಿಲ್ಲವೇನು, ಇನ್ನು ಗಾಳಿಯಲ್ಲೂ ಒದರಬೇಕೇ’ ಎಂದು. ಹೌದು ಮಹಾರಾಯ, ಒದರುವ ಕಾಲ ಬಂದಿದೆ. ನವೆಂಬರ್ ಇಪ್ಪತ್ತಕ್ಕೆ ಸೋಮವತಿ ಅಮಾವಾಸ್ಯೆ. ಅಂದು ಜೇಜುರಿಯಲ್ಲಿ ಖಂಡೋಬಾ ದೇವರ ಪಲ್ಲಕ್ಕಿ ಗುಡ್ಡದ ಮೇಲಿನ ಗಡದಿಂದ ಇಳಿದು ಕರ್‍ಹಾ ನದಿಗೆ ಸ್ನಾನಕ್ಕೆ ಹೋಗುತ್ತದೆ. ಲಕ್ಷಗಟ್ಟಲೆ ಜನ. ಮೊಬೈಲ್‌ಗಳು ಆ ಗದ್ದಲದಲ್ಲಿ ಇದ್ದೂ ಇಲ್ಲದಂತೆ. ಹಾಗಾಗಿ ಸಂದೇಶ ಮುಟ್ಟಿಸಲು ನಮ್ಮ ಹ್ಯಾಮ್ ಕ್ಲಬ್ಬನ್ನು ಪೊಲೀಸರೇ ಕರೆದಿದ್ದಾರೆ. ಅದಕ್ಕೆ ಮೊದಲು ನವೆಂಬರ್ ಹನ್ನೆರಡನೇ ತಾರೀಖು ಅವರ ಎದುರಿಗೆ ತಾಲೀಮು ಮಾಡಿ ತೋರಿಸಬೇಕು, ಸರಿಹೋದರೆ ಮಾತ್ರ ಒಪ್ಪಿಗೆ.

ಒಂದು ಕಂಪನಿಯವರು ಹನ್ನೆರಡು ಹಳೆಯ ವೈರ್‌ಲೆಸ್ ಹ್ಯಾಂಡ್‌ಸೆಟ್ಟುಗಳನ್ನು ಕ್ಲಬ್ಬಿಗೆ ದಾನ ಕೊಟ್ಟಿದ್ದಾರೆ. ಈಗ ಅವೆಲ್ಲ ನಮ್ಮ ಮನೆಯ ದಿವಾನದ ಮೇಲೆ ಸಾಲಾಗಿ ಕುಳಿತಿವೆ. ತಾಪತ್ರಯ ಏನೆಂದರೆ ಅವುಗಳಿಗೆ ಅಂಕಿಯ ಗುಂಡಿಗಳೇ ಇಲ್ಲ. ಮಾತಾಡಲು ಒತ್ತುವ ಒಂದು ಗುಂಡಿ, ತಿರುಗಿಸುವ ಒಂದು ಗುಬುಟು, ಅಷ್ಟೇ. ನಮ್ಮ ಫ್ರೀಕ್ವೆನ್ಸಿಗಳನ್ನು ತುಂಬಬೇಕೆಂದರೆ ಕಂಪ್ಯೂಟರಿನಿಂದಲೇ ತುಂಬಬೇಕು, ಅದಕ್ಕೊಂದು ಪ್ರೋಗ್ರಾಮಿಂಗ್ ಕೇಬಲ್ ಬೇಕು. ಎರಡು ಜಾತಿಯವು ಸಿಗುತ್ತವೆ. ಒಂದು, ಹಳೆಯ ಒಂಬತ್ತು ಪಿನ್ನಿನದು. ಇನ್ನೊಂದು ಹೊಸ ಯುಎಸ್‌ಬಿ. ನಮ್ಮ ಸೆಕ್ರೆಟರಿ ವಿನೀತ, ನಮ್ಮ ಕಡೆಯ ಕನ್ನಡದ ಸಾಫ್ಟ್‌ವೇರ್ ಹುಡುಗ, ಯುಎಸ್‌ಬಿಯೇ ಆಗಬೇಕು ಎನ್ನುತ್ತಾನೆ. ಈ ಕೆಲಸದ ಹೊಣೆ ನನ್ನದು. ಧಾರವಾಡದಲ್ಲಿ ಇಷ್ಟು ವರ್ಷ ರೇಡಿಯೊ ರಿಪೇರಿ ಮಾಡಿದವನು ನೀನು. ಸೆಟ್ಟಿನ ನಕ್ಷೆಯನ್ನೂ ಜೊತೆಗಿಟ್ಟಿದ್ದೇನೆ, ಯಾವುದನ್ನು ಕೊಳ್ಳಲಿ, ಹೇಳು.

ನಿನ್ನ ತಂಗಿ,
ಶೈಲಾ

*

ಧಾರವಾಡ
೧೧ ಅಕ್ಟೋಬರ್ ೨೦೦೬

ಚಿ. ಸೌ. ಶೈಲಾಗೆ ಶಿವಪ್ರಕಾಶನ ಆಶೀರ್ವಾದಗಳು.

ಬನ್ನಿ ಮುಟ್ಟಿತು. ನಿನಗೆ ವೈರ್‌ಲೆಸ್ ಯಾಕೆ ಬೇಕು ಎಂಬುದೇ ನನಗೆ ತಿಳಿಯುತ್ತಿಲ್ಲ. ಗಡದ ಮೇಲೆ ನಿಂತು ಒಂದು ಸಲ ಕೂಗಿದರೆ ಪಕ್ಕದ ಊರು ಸಾಸವಡದ ತನಕ ಕೇಳಿಸುವ ಗಂಟಲು ನಿನ್ನದು. ಇರಲಿ, ಹವ್ಯಾಸಕ್ಕೆ ಯಾರು ಬೇಡ ಎನ್ನುತ್ತಾರೆ. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ನೀನು ಗಾಳಿ ಕೂಡಿಸು.

ಕೇಬಲ್ಲಿನ ಮಾತು ಹೇಳುತ್ತೇನೆ, ಲಕ್ಷ್ಯಕೊಟ್ಟು ಓದು. ಕಂಪ್ಯೂಟರು ಹನ್ನೆರಡು ವೋಲ್ಟಿನಲ್ಲಿ ಗದರುತ್ತದೆ, ನಿನ್ನ ಸೆಟ್ಟು ಐದು ವೋಲ್ಟಿನಲ್ಲಿ ಪಿಸುಗುಡುತ್ತದೆ. ನೇರ ತಂತಿ ಎಳೆದರೆ ಸೆಟ್ಟು ಸುಟ್ಟುಹೋಗುತ್ತದೆ. ಇಬ್ಬರ ನಡುವೆ ಒಂದು ಚಿಪ್ಪು ಕೂತು, ಬೀಗರ ನಡುವಿನ ಹಿರಿಯರ ಹಾಗೆ, ಅವರ ಮಾತು ಇವರಿಗೆ ಇವರ ಮಾತು ಅವರಿಗೆ ಮೆತ್ತಗೆ ಮುಟ್ಟಿಸಬೇಕು. ಕೇಬಲ್ ಅಂದರೆ ತಂತಿಯಲ್ಲ, ಆ ಚಿಪ್ಪು. ಯುಎಸ್‌ಬಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದರ ಪ್ಲಗ್ಗಿನೊಳಗೆ ಅಸಲಿ ಚಿಪ್ಪಿದೆಯೋ ನಕಲಿಯೋ ಹೊರಗಿನಿಂದ ಕಾಣುವುದಿಲ್ಲ. ನಕಲಿಯಾದರೆ ಸೆಟ್ಟನ್ನು ಓದುವಾಗ ಸಭ್ಯಸ್ಥನ ಹಾಗೆ ಇದ್ದು, ಬರೆಯುವಾಗ ನಡುದಾರಿಯಲ್ಲಿ ಕೈಕೊಡುತ್ತದೆ. ಅರ್ಧ ಬರೆದ ಸೆಟ್ಟು ಸತ್ತ ಹಾಗೆಯೇ.

ಅದಕ್ಕೇ ಒಂಬತ್ತು ಪಿನ್ನಿನದೇ ಸರಿ. ಪೇಟೆಯದು ಬೇಡ, ನಾನೇ ನಿನ್ನ ಸೆಟ್ಟಿನ ನಕ್ಷೆ ನೋಡಿ ಒಂದನ್ನು ಮಾಡಿದ್ದೇನೆ. ಮೂರು ಸಂಜೆ ಕೂತು ಬೆಸುಗೆ ಹಾಕಿದ್ದು. ಶನಿವಾರದ ಪುಣೆ ಬಸ್ಸಿನ ಡ್ರೈವರ ಭೀಮಣ್ಣನ ಕೈಯಲ್ಲಿ ಕೊಡುತ್ತೇನೆ, ಸ್ವಾರಗೇಟಿಗೆ ಹೋಗಿ ಇಸಿದುಕೋ. ಒಂಬತ್ತು ಪಿನ್ನಿನ ಕಿಂಡಿ ಇರುವ ಹಳೆಯ ಕಂಪ್ಯೂಟರ್ ಹುಡುಕಿಕೋ. ನಿನ್ನ ಯಜಮಾನರು ಅಮರ ಅವರಿಗೂ ನಿಮ್ಮ ಅತ್ತೆಯವರಿಗೂ ನಮಸ್ಕಾರ ಹೇಳು.

ಶಿವಪ್ರಕಾಶ

*

ಪುಣೆ
೧೮ ಅಕ್ಟೋಬರ್ ೨೦೦೬

ಅಣ್ಣನಿಗೆ ನಮಸ್ಕಾರ.

ನಿನ್ನ ಬೀಗರ ಹಿರಿಯ ಬಾಯಿಯೇ ಬಿಡುತ್ತಿಲ್ಲ! ನಮ್ಮ ಕೋಚಿಂಗ್ ಕ್ಲಾಸಿನ ಆಫೀಸಿನಲ್ಲಿ ಫೀ ಪಾವತಿ ಅಚ್ಚು ಹಾಕುವ ಹಳೆಯ ಕಂಪ್ಯೂಟರ್ ಇದೆ, ಒಂಬತ್ತು ಪಿನ್ನಿನ ಕಿಂಡಿ ಇರುವಂಥದ್ದು. ಪಾಠ ಮುಗಿಸಿ ಅದರ ಮುಂದೆ ಕೂತು ಸಾಕಾಗಿ ಹೋಯಿತು. ಸೆಟ್ಟಿನ ಪಕ್ಕದಲ್ಲಿ ರಬ್ಬರ್ ಮುಚ್ಚಳ ಇದೆಯಲ್ಲ, ಅದನ್ನು ಸರಿಸಿ ನಿನ್ನ ಪ್ಲಗ್ಗನ್ನು ಒಳಗೆ ತಳ್ಳಿದೆ. ಕಂಪ್ಯೂಟರಿನ ಪರದೆಯ ಮೇಲೆ ಒಂದೇ ರಾಗ: ಸೆಟ್ಟು ಉತ್ತರಿಸುತ್ತಿಲ್ಲ. ಒಂದು ಸೆಟ್ಟಲ್ಲ, ಹನ್ನೆರಡಕ್ಕೆ ಹನ್ನೆರಡೂ. ಹಳೆಯ ಚಾನೆಲ್ಲಿನಲ್ಲಿ ಅವೆಲ್ಲ ಗಿಣಿಯ ಹಾಗೆ ಮಾತಾಡುತ್ತವೆ, ಆದ್ದರಿಂದ ಸೆಟ್ಟುಗಳದು ತಪ್ಪಲ್ಲ.

ವಿನೀತನೂ ಬುಧವಾರ ಪೇಠದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಒಂದು ಯುಎಸ್‌ಬಿ ಕೇಬಲ್ ತಂದ. ಅದೂ ಹಾಗೆಯೇ. ಆದರೂ ಅವನ ಬಾಯಿ ಸುಮ್ಮನಿರಬೇಕಲ್ಲ, ನಿನ್ನ ಕೇಬಲ್ಲನ್ನು ಎತ್ತಿ ಹಿಡಿದು, “ಶೈಲಕ್ಕಾ, ಮ್ಯೂಸಿಯಮ್‌ಕ ಕೊಡೂದು ಏನ್ರಿ ಇದನ್ನ?” ಎಂದ. ಎಲ್ಲರೂ ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ. ಕ್ಲಬ್ಬಿನಲ್ಲಿ ಹೆಂಗಸೆಂದರೆ ನಾನೊಬ್ಬಳೇ, ಅದು ನಿನಗೂ ಗೊತ್ತು.

ಎಲ್ಲೋ ತಂತಿ ಅದಲುಬದಲು ಮಾಡಿದ್ದೀಯ ಅಣ್ಣಾ. ಕಣ್ಣಿಗೆ ಕನ್ನಡಕ ಬಂದಿದೆ ಎಂದು ಒಪ್ಪಿಕೊಳ್ಳಲು ನಿನಗೇನು ಧಾಡಿ? ಪಕ್ಕದ ಮನೆಯವರು ದೀಪಾವಳಿಗೆ ಧಾರವಾಡಕ್ಕೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಕೇಬಲ್ ವಾಪಸ್ ಕಳಿಸಿದ್ದೇನೆ. ಸರಿಮಾಡಿ ಕಳಿಸುವುದಾದರೆ ಬೇಗ ಕಳಿಸು. ಆಗದಿದ್ದರೆ ಆಗದು ಎಂದು ಒಂದು ಸಾಲು ಬರೆ.

ಶೈಲಾ

*

ಪುಣೆ
೨ ನವೆಂಬರ್ ೨೦೦೬

ಅಣ್ಣಾ,

ದೀಪಾವಳಿ ಬಂತು, ಹೋಯಿತು. ನಿನ್ನಿಂದ ಒಂದು ಸಾಲೂ ಇಲ್ಲ. ಕೇಬಲ್ ಕೆಟ್ಟಿದೆ ಎಂದು ಹೇಳಿಕೊಳ್ಳಲು ನಿನಗೆ ನಾಚಿಕೆಯಾಗಿರಬೇಕು ಎಂದುಕೊಂಡೆ. ಫೋನ್ ಮಾಡಿದರೆ ವೈನಿ ಎತ್ತಿ, “ಅಂಗಡ್ಯಾಗ ಅದಾರ, ಭಾಳ ಬಿಝಿ ಅದಾರ” ಎನ್ನುತ್ತಾರೆ. ನಿನಗೆ ಬಿಝಿ ಅನ್ನುವುದು ಯಾವ ಕಾಲದಲ್ಲಿ ಇತ್ತು?

ಇಷ್ಟು ದಿನ ನಿನಗೆ ಹೇಳದ ಒಂದು ಮಾತನ್ನು ಇವತ್ತು ಬರೆಯುತ್ತೇನೆ. ಇದು ನನ್ನ ಹವ್ಯಾಸದ ಮಾತಲ್ಲ.

ನಮ್ಮ ಅತ್ತೆ ರುದ್ರವ್ವನವರ ಮನೆದೇವರು ಮೈಲಾರಲಿಂಗ. ಪುಣೆಗೆ ಬಂದ ಮೇಲೆ ಅವರಿಗೆ ಅವನೇ ಖಂಡೋಬಾ, ಅವನ ಊರು ಜೇಜುರಿ. ಒಂದು ಸೋಮವತಿಯನ್ನೂ ತಪ್ಪಿಸಿದವರಲ್ಲ. ಹೋದ ವರ್ಷದ ಸೋಮವತಿಗೆ ನದಿಯ ದಾರಿಯಲ್ಲಿ ಜನ ಒತ್ತಿ ಬಂತು, ನಮ್ಮ ಯಜಮಾನರ ಕೈಯಿಂದ ಅತ್ತೆಯ ಕೈ ಜಾರಿತು. ಆಮೇಲೆ ಇವರು ಹುಡುಕಿದ್ದೇ ಹುಡುಕಿದ್ದು. ಮೊಬೈಲ್ ಹತ್ತಲಿಲ್ಲ, ಧ್ವನಿವರ್ಧಕದಲ್ಲಿ ಕೂಗಿಸಿದ್ದು ಆ ಡೊಳ್ಳಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಹೊತ್ತು ಮುಳುಗುವಾಗ ಸಿಕ್ಕರು. ಒಂದು ಭಂಡಾರದ ಅರಿಶಿನ ಮಾರುವ ಅಂಗಡಿಯ ಹಿಂದೆ, ಕಂಬ ಹಿಡಿದು ನಿಂತಿದ್ದರು. ಚಪ್ಪಲಿ ಇಲ್ಲ, ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಇವರು ತಾಯಿಯನ್ನು ತಬ್ಬಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತರು. ಅತ್ತು ಮುಗಿದ ಮೇಲೆ, “ಇನ್ನ ಜೇಜುರಿ ಮಾತು ಮನ್ಯಾಗ ಬ್ಯಾಡ” ಎಂದರು. ನಿಮಗೆಲ್ಲ ತಿಳಿದರೆ ಮುದುಕಿಯನ್ನು ನೋಡಿಕೊಳ್ಳಲಾಗಲಿಲ್ಲ ಎನ್ನುತ್ತೀರೆಂದು ಊರಿಗೆ ತಿಳಿಸಿರಲಿಲ್ಲ.

ಅತ್ತೆ ಮಗನ ಮಾತಿಗೆ ಎದುರಾಡಲಿಲ್ಲ. ಆದರೆ ಅಂದಿನಿಂದ ಅವರ ದನಿ ಸಣ್ಣದಾಗಿದೆ. ನನ್ನ ಅಡುಗೆಯಲ್ಲಿ ಹುಳುಕು ಹುಡುಕುವುದನ್ನೂ ಬಿಟ್ಟರು ಎಂದರೆ ನೋಡು. ಅದನ್ನು ತಡೆಯಲಾಗದೆ ನಾನು ಇವರ ಹತ್ತಿರ ವಾದ ಮಾಡಿದೆ. ಸಂದಿ ಸಂದಿಗೆ ನಮ್ಮ ಸೆಟ್ಟಿರುತ್ತದೆ, ಅತ್ತೆಯನ್ನು ನನ್ನ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದೆ. ಇವರು, “ಪೊಲೀಸರ ಮುಂದ ತಾಲೀಮು ಪಾಸ್ ಆಗ್ರಿ. ಆದ್ರ ಕರಕೊಂಡು ಹೋಗು. ಇಲ್ಲಂದ್ರ ಮತ್ತ ಎಂದೂ ಈ ವಿಷಯ ತಗೀಬ್ಯಾಡ” ಎಂದರು. ಅತ್ತೆ ಅಡುಗೆಮನೆಯಲ್ಲಿ ಕೇಳಿಸಿಕೊಂಡು ಕೊಬ್ಬರಿ ಭಂಡಾರದ ಗಂಟನ್ನು ಆಗಲೇ ಕಟ್ಟಿಬಿಟ್ಟಿದ್ದಾರೆ.

ಈಗ ತಾಲೀಮಿಗೆ ಹತ್ತು ದಿನ. ಸೆಟ್ಟುಗಳು ಕಲ್ಲಿನ ಹಾಗೆ ಕೂತಿವೆ. ಆಗುವುದಿಲ್ಲ ಎಂದು ಪೊಲೀಸರಿಗೆ ತಿಳಿಸಿಬಿಡೋಣ ಎನ್ನುತ್ತಿದ್ದಾನೆ ವಿನೀತ. ನಿನ್ನೆ ನಾನು ಬೇಜಾರಿನಿಂದ, “ಇವು ಮಾತಾಡೂ ಹಂಗ ಕಾಣಂಗಿಲ್ಲರಿ ಅತ್ತಿ” ಎಂದೆ. ಅದಕ್ಕೆ ಅವರು, “ಹೆಂಗ ಮಾತಾಡಂಗಿಲ್ಲ? ದಸರಿ ಖಂಡೆ ಪೂಜಿ ದಿವಸ ನೀ ಕ್ಲಾಸಿಗೆ ಹೋದಾಗ ಒಂದೊಂದರ ಬಾಯಾಗೂ ನಾ ಭಂಡಾರ ಹಾಕೇನಿ. ಖಂಡೋಬಾನ ಪ್ರಸಾದ ತಿಂದಾವು ಸುಮ್ಮನ ಕೂಡತಾವೇನು?” ಎಂದರು. ನನಗೆ ನಗುವೂ ಬಂತು, ಅಳುವೂ ಬಂತು.

ನಿನ್ನ ಸಿಟ್ಟು ಆಮೇಲೆ ತೀರಿಸಿಕೋ ಅಣ್ಣಾ. ಈಗ ಏನಾದರೂ ಮಾಡು.

ಶೈಲಾ

*

ಧಾರವಾಡ
೬ ನವೆಂಬರ್ ೨೦೦೬

ಶೈಲಾ,

ಈ ಪತ್ರವನ್ನು ಇಲ್ಲೇ ಕೆಳಗಿಡು. ಹೋಗಿ ಯಾವುದಾದರೂ ಒಂದು ಸೆಟ್ಟಿನ ರಬ್ಬರ್ ಮುಚ್ಚಳ ತೆಗೆದು, ಒಳಗಿನ ಎರಡು ತೂತಿಗೆ ಟಾರ್ಚ್ ಬಿಟ್ಟು ನೋಡು. ನೋಡಿ ಬಂದು ಮುಂದೆ ಓದು.

ಹಳದಿ ಇದೆಯಲ್ಲ?

ಅಯ್ಯೋ ಹುಚ್ಚಿ, ನಿನ್ನ ಅತ್ತೆ ಬಾಯಿ ಎಂದದ್ದು ಯಾವುದಕ್ಕೆ ಎಂದು ಒಂದು ಸಲವಾದರೂ ಕೇಳಬಾರದಿತ್ತೇ? ಮುಚ್ಚಳ ತೆರೆದರೆ ತೂತು ಕಾಣುತ್ತವೆ, ತೂತೆಂದರೆ ಬಾಯಿ, ಬಾಯೆಂದರೆ ಪ್ರಸಾದ! ಹನ್ನೆರಡಕ್ಕೂ ತುಂಬಿ, ಮುಚ್ಚಳ ಮುಚ್ಚಿ, ಮೇಲೆ ಒರೆಸಿಟ್ಟಿರಬೇಕು. ಮಾತಾಡುವ ಮೈಕು ಬೇರೆ ಕಡೆ ಇರುತ್ತದೆ, ಅದಕ್ಕೇ ಸೆಟ್ಟುಗಳು ಮಾತಾಡುತ್ತಿದ್ದವು. ಕೇಬಲ್ಲಿನ ಪ್ಲಗ್ಗಿಗೆ ಮಾತ್ರ ನಡುವೆ ಅರಿಶಿನದ ಗೋಡೆ.

ಈಗ ನನ್ನ ಕಡೆಯ ಮಾತು ಕೇಳು. ನೀನು ವಾಪಸ್ ಕಳಿಸಿದ ಕೇಬಲ್ಲಿನ ಪ್ಲಗ್ಗಿನ ತುದಿ ಹಳದಿಯಾಗಿತ್ತು. ನಾನು ಮೂರು ಸಂಜೆ ಕೂತು ಮಾಡಿದ್ದನ್ನು ಇವಳು ಒಗ್ಗರಣೆ ಡಬ್ಬಿಯ ಹತ್ತಿರ ಬಿಸಾಕಿ, ಅರಿಶಿನದ ಕೈಯಲ್ಲೇ ತಿರುಗಿಸಿ, ಮೇಲೆ ನನ್ನ ಕಣ್ಣಿಗೇ ಹೆಸರಿಟ್ಟಳಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಒರೆಸಿ ಪರೀಕ್ಷೆ ಮಾಡಿದರೆ ಕೇಬಲ್ ಚೊಕ್ಕಟವಾಗಿದೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಕೂತೆ. ನಿನ್ನ ವೈನಿಗೆ ಬಿಝಿ ಎಂದು ಹೇಳಲು ಹೇಳಿದವನೂ ನಾನೇ. ನಿನ್ನ ಪತ್ರ ಓದುತ್ತ ಭಂಡಾರದ ಸಾಲಿಗೆ ಬಂದಾಗ ಅಂಗಡಿಯಲ್ಲಿ ಒಬ್ಬನೇ ಕೂತು ಎಷ್ಟು ಜೋರಾಗಿ ನಕ್ಕೆನೆಂದರೆ ಎದುರಿನ ಟೇಲರ್ ಎದ್ದು ಬಂದ.

ಮಾಡಬೇಕಾದ್ದು: ಬ್ಯಾಟರಿ ಕಳಚು. ಮೊದಲು ಒಣಗಿದ ಮೆತ್ತನೆಯ ಬ್ರಶ್ಶಿನಿಂದ ತೂತು ಕೆಳಗೆ ಮಾಡಿ ಉದುರಿಸು. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ. ಸೂಜಿ, ಪಿನ್ನು ಹಾಕಿ ಕೆದಕೀಯೆ, ಹುಷಾರು. ಒಂದು ದಿನ ಫ್ಯಾನಿನ ಕೆಳಗೆ ಒಣಗಲಿ. ಕೇಬಲ್ಲನ್ನು ಮತ್ತೆ ಭೀಮಣ್ಣನ ಕೈಯಲ್ಲೇ ಕೊಟ್ಟಿದ್ದೇನೆ.

ರುದ್ರವ್ವನವರ ಸುದ್ದಿಯನ್ನು ಒಂದು ವರ್ಷ ನಮ್ಮಿಂದ ಮುಚ್ಚಿಟ್ಟೆಯಲ್ಲ, ಅದು ನನಗೆ ಬಹಳ ಕೆಟ್ಟದೆನಿಸಿತು. ನಾನು ಇದನ್ನು ನಿನ್ನ ಆಟ ಎಂದುಕೊಂಡಿದ್ದೆ. ಆ ತಾಯಿ ಜೇಜುರಿಗೆ ಹೋಗಲೇಬೇಕು.

ಶಿವಪ್ರಕಾಶ

*

ಪುಣೆ
೧೩ ನವೆಂಬರ್ ೨೦೦೬

ಪ್ರೀತಿಯ ಅಣ್ಣನಿಗೆ ಸಾವಿರ ನಮಸ್ಕಾರಗಳು.

ಗೆದ್ದೆವು! ಪತ್ರದ ಕೊನೆಗೆ ಹೇಳೋಣವೆಂದಿದ್ದೆ, ತಡೆಯಲಾಗಲಿಲ್ಲ.

ಹಳದಿಯಿತ್ತು. ಹನ್ನೆರಡರಲ್ಲೂ ಇತ್ತು, ಒತ್ತಿ ಒತ್ತಿ ತುಂಬಿದ್ದರು. ಅತ್ತೆಗೆ ತಿಳಿದರೆ ಅಪಶಕುನ ಎಂದುಕೊಂಡು ಜೇಜುರಿಯನ್ನೇ ಬಿಟ್ಟುಬಿಡುತ್ತಾರೆ ಎಂದು ಹೆದರಿ, ಅವರು ಗುಡಿಯ ಕಟ್ಟೆಗೆ ಹೋದ ಹೊತ್ತು ನೋಡಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂತೆ. ಮುಂದೆ ಹಾಸಿದ ವೃತ್ತಪತ್ರಿಕೆಯ ಮೇಲೆ ಒಂದು ಚಿಟಿಕೆ ಒಂದು ಚಿಟಿಕೆ ಭಂಡಾರ ಬೀಳುತ್ತಿದೆ, ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದಾರೆ! ಕನ್ನಡಕ ಮರೆತು ಹೋಗಿದ್ದರಂತೆ.

“ಏನ್ ಮಾಡಾಕತ್ತಿಯವಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಅತ್ತಿ, ಇದು ಬಾಯಲ್ಲರಿ. ಇಲ್ಲಿ ಕೇಬಲ್ ಹಾಕಬೇಕಾಗತದ. ಭಂಡಾರ ಅಡ್ಡ ಆಗೇದರಿ” ಎಂದೆ.

ಅವರು ಸೆಟ್ಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಮೊದಲ ಹೇಳಿದ್ರ ಹೊರಗ ಹಚ್ಚತಿದ್ನೆಲ್ಲಾ! ನನಗೇನ್ ಗೊತ್ತು ಇದರ ಬಾಯಿ ಯಾವುದು, ಕಿವಿ ಯಾವುದು ಅಂತ.” ಆಮೇಲೆ ಬಿದ್ದು ಬಿದ್ದು ನಕ್ಕರು. ಒಂದು ವರ್ಷದ ಮೇಲೆ ಕೇಳಿದ ನಗು ಅದು. “ಖಂಡೋಬಾನ ಕಡೆ ಗುಡ್ಡದಷ್ಟು ಭಂಡಾರ ಅದ. ಚಿಟಿಕಿ ತಗದರ ಸಿಟ್ಟಾಗತಾನೇನು? ತಾ ಇಲ್ಲಿ ಬ್ರಶ್ಶು, ನಿನಗ ಸ್ವಚ್ಛ ಮಾಡೂದು ಎಂದರ ಬಂದದ ಏನ?” ಎಂದು ಕೂತೇಬಿಟ್ಟರು. ಉಳಿದ ಒಂಬತ್ತನ್ನೂ ಅವರೇ ಹಸನು ಮಾಡಿದ್ದು. ಉದುರಿದ್ದನ್ನೆಲ್ಲ ಹಣೆಗೆ ಹಚ್ಚಿಕೊಂಡು, ನನಗೂ ಬಳಿದರು.

ಶುಕ್ರವಾರ ಕ್ಲಾಸಿನ ಆಫೀಸಿನಲ್ಲಿ ವಿನೀತ ಮೊದಲು ತನ್ನ ಯುಎಸ್‌ಬಿಯನ್ನೇ ಹಾಕಿದ. ಸೆಟ್ಟು ತಟ್ಟನೆ ಉತ್ತರ ಕೊಟ್ಟಿತು. ಅವನ ಮುಖ ನೋಡಬೇಕಿತ್ತು ನೀನು. ನಾನು, “ವಿನೀತ, ಬರಿಯೂದು ನಮ್ಮ ಅಣ್ಣನ ಕೇಬಲ್ಲಿನಿಂದ ಬರಿಯೂಣು” ಎಂದರೂ ಕೇಳಲಿಲ್ಲ. ಬರೆಯಲು ಶುರುಮಾಡಿದ. ಅರ್ಧಕ್ಕೆ ಬಂದು ನಿಂತಿತು. ಸೆಟ್ಟು ಕುಂಯ್ ಎಂದು ಒಂದೇ ಸಮನೆ ಅಳತೊಡಗಿತು. ಮತ್ತೊಂದು ಸಲ ಮಾಡಿದರೂ ಹಾಗೆಯೇ. ನೀನು ಬರೆದಿದ್ದೆಯಲ್ಲ, ಓದುವಾಗ ಸಭ್ಯಸ್ಥ, ಬರೆಯುವಾಗ ಕೈಕೊಡುತ್ತದೆ ಎಂದು, ಅಕ್ಷರಕ್ಕೆ ಅಕ್ಷರ ಹಾಗೇ ಆಯಿತು. ನಾನು ನಿನ್ನ ಕೇಬಲ್ ಕೈಗೆತ್ತಿಕೊಂಡೆ. ಅತ್ತ ಸೆಟ್ಟಿಗೂ ಜೀವ ಬಂತು, ಉಳಿದವೂ ಒಂದರ ಹಿಂದೆ ಒಂದು ತುಂಬಿಕೊಂಡವು. ವಿನೀತ ಕೈಮುಗಿದ. ನನಗೆ ಮುಗಿದನೋ ಕೇಬಲ್ಲಿಗೋ ಗೊತ್ತಿಲ್ಲ. ಕಣ್ಣಿನ ಬಗ್ಗೆ ನಾನು ಬರೆದ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ, ನಿನ್ನ ಕಣ್ಣಿಗೆ ದೃಷ್ಟಿಯಾಗದಿರಲಿ.

ನಿನ್ನೆ ಜೇಜುರಿಯಲ್ಲಿ ತಾಲೀಮು. ಗಡದ ಬಾಗಿಲು, ಮೆಟ್ಟಿಲು, ಬಸ್‌ಸ್ಟ್ಯಾಂಡ್, ನದಿದಂಡೆ, ಎಲ್ಲ ಕಡೆಯಿಂದ ದನಿ ಗಂಟೆ ಹೊಡೆದ ಹಾಗೆ ಬಂತು. ಸಾಸವಡದ ಹತ್ತಿರದ ಗುಡ್ಡದ ಮೇಲಿನ, ದನಿ ಹಿಡಿದು ಮುಂದೆ ದಾಟಿಸುವ ನಮ್ಮ ರಿಪೀಟರೂ ಕೈ ಹಿಡಿಯಿತು. ಇನ್‌ಸ್ಪೆಕ್ಟರ್ ಸಾಹೇಬರು ಅಲ್ಲೇ ಒಪ್ಪಿಗೆಯ ಸಹಿ ಹಾಕಿದರು. ಎಲ್ಲ ಸಂದೇಶಗಳ ಕಂಟ್ರೋಲ್ ನೋಡಿಕೊಳ್ಳುವವಳು ನಾನೇ ಎಂದೂ ತೀರ್ಮಾನವಾಯಿತು.

ಮನೆಗೆ ಬಂದು ಇವರಿಗೆ ಹೇಳಿದೆ. ಊಟ ಮಾಡಿ, ಕೈ ತೊಳೆದು, “ಅವ್ವಗ ಹೊಸಾ ಚಪ್ಪಲಿ ತರಬೇಕು, ಹಿಂದ ಪಟ್ಟಿ ಇರೂವಂಥಾವು” ಎಂದರು. ಅತ್ತೆ ಒಳಗಿನಿಂದಲೇ, “ಮತ್ತ ಪಲ್ಯಾಕ ಉಪ್ಪು ಕಡಿಮಿ ಆಗೇದ” ಎಂದು ಕೂಗಿದರು.

ನಿನ್ನ 
ಶೈಲಾ

*

ಧಾರವಾಡ
೧೬ ನವೆಂಬರ್ ೨೦೦೬

ಚಿ. ಸೌ. ಶೈಲಾಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಟೇಲರನಿಗೆ ಓದಿ ಹೇಳಿದೆ, ಪೋಸ್ಟ್‌ಮ್ಯಾನನಿಗೂ ಓದಿ ಹೇಳಿದೆ. ನಿನ್ನ ವೈನಿ ಮೂರನೇ ಸಲಕ್ಕೆ ಎದ್ದು ಒಳಗೆ ಹೋದಳು.

ಒಂದು ಮಾತು ಮರೆಯಬೇಡ. ಮನೆಯಲ್ಲಿ ಬಿದ್ದದ್ದು ಚಿಟಿಕೆ ಭಂಡಾರ. ಸೋಮವತಿಯ ದಿನ ಅಲ್ಲಿ ಚೀಲಗಟ್ಟಲೆ ಎರಚುತ್ತಾರೆ. ರಬ್ಬರ್ ಮುಚ್ಚಳ ನಂಬಬೇಡ. ಎಲ್ಲ ಸೆಟ್ಟಿನ ಮುಚ್ಚಳದ ಮೇಲೂ ಪ್ಲಾಸ್ಟರ್ ಪಟ್ಟಿ ಅಂಟಿಸು, ಮೈಕಿಗೆ ತೆಳು ಅರಿವೆ ಕಟ್ಟು. ಈ ಕೆಲಸವನ್ನು ರುದ್ರವ್ವನವರಿಗೇ ಕೊಡು, ಬಾಯಿ ಯಾವುದೆಂದು ಈಗ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಶೈಲಾ, ಇನ್ನೊಂದು. ಗಾಳಿಯಲ್ಲಿ ಒದರುತ್ತೀಯ ಎಂದು ನಗೆ ಮಾಡಿದ್ದೆನಲ್ಲ. ಒದರು. ಚೆನ್ನಾಗಿ ಒದರು. ನನ್ನ ತಂಗಿ ಜೇಜುರಿಯ ಕಂಟ್ರೋಲಿನಲ್ಲಿ ಕೂಡುತ್ತಾಳೆ ಎಂದು ನಾನು ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.

ಶಿವಪ್ರಕಾಶ

*

ಪುಣೆ
೨೨ ನವೆಂಬರ್ ೨೦೦೬

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ನಿನ್ನೆಯೆಲ್ಲ ನನ್ನ ಗಂಟಲು ಕೂತು ಮಾತೇ ಹೊರಡುತ್ತಿರಲಿಲ್ಲ. ಕೈ ನೆಟ್ಟಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರ ಪಲ್ಲಕ್ಕಿ ಗಡ ಇಳಿಯುವ ಹೊತ್ತಿಗೆ ಜೇಜುರಿಯಲ್ಲಿ ನೆಲ, ಗೋಡೆ, ಪೊಲೀಸರ ಮೀಸೆ ಎಲ್ಲ ಹಳದಿಯಾಗಿತ್ತು. ಮೊಬೈಲ್‌ಗಳು ಬೆಳಿಗ್ಗೆಯೇ ಕಣ್ಣು ಮುಚ್ಚಿದವು. ಇನ್‌ಸ್ಪೆಕ್ಟರ್ ಸಾಹೇಬರು ತಮ್ಮ ಮೊಬೈಲನ್ನು ಆಕಾಶಕ್ಕೆ ಹಿಡಿದು ಹಿಡಿದು ಸಾಕಾಗಿ, ಕೊನೆಗೆ ನನ್ನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅತ್ತೆ ಪಟ್ಟಿ ಅಂಟಿಸಿದ ನಮ್ಮ ಸೆಟ್ಟುಗಳಲ್ಲಿ ಒಂದೂ ಸುಸ್ತಾಗಲಿಲ್ಲ. ಅಂಬುಲೆನ್ಸಿಗೆ ದಾರಿ ಬಿಡಿಸಿದೆವು, ಮೆಟ್ಟಿಲ ಮೇಲೆ ನೂಕುನುಗ್ಗಲಾದಾಗ ಕೆಳಗಿನ ಬಾಗಿಲಲ್ಲಿ ಜನರನ್ನು ತಡೆಸಿದೆವು. ನಾನು ಮೆಟ್ಟಿಲ ಬುಡದ ಡೇರೆಯಲ್ಲಿ. ಅತ್ತೆ ಮತ್ತು ಇವರು ನದಿದಂಡೆಯಲ್ಲಿ, ವಿನೀತನ ಪಕ್ಕದಲ್ಲಿ. ಇವರು ತಾಯಿಯ ಸೆರಗಿನ ತುದಿಯನ್ನು ತಮ್ಮ ಬೆರಳಿಗೆ ಸುತ್ತಿಕೊಂಡಿದ್ದರು.

ಮಧ್ಯಾಹ್ನ ಪೊಲೀಸರು ಒಬ್ಬ ಹೆಂಗಸನ್ನು ನನ್ನ ಹತ್ತಿರ ಕರೆತಂದರು. ಅವಳು ಏನು ಹೇಳುತ್ತಿದ್ದಾಳೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ ಅಳುತ್ತಿದ್ದಳು ಅಣ್ಣಾ. ಹೆಸರು ಶಿವಗಂಗವ್ವ, ರಾಣೆಬೆನ್ನೂರಿನ ಕಡೆಯವಳು, ವಯಸ್ಸು ನಮ್ಮ ಅತ್ತೆಯದೇ. ಜೊತೆಯವರ ಕೈ ತಪ್ಪಿದ್ದಳು. ನೀರು ಕೊಟ್ಟರೆ ತಳ್ಳಿದಳು. “ನನ್ನ ಬಿಡ್ರಿ, ನಾ ಹುಡುಕಿಕೊಂಡು ಹೋಗ್ತೇನ್ರಿ” ಎಂದು ಆ ಜನಸಾಗರದೊಳಕ್ಕೇ ನುಗ್ಗಲು ಏಳುತ್ತಾಳೆ. ಬಿಟ್ಟರೆ ಮತ್ತೆ ಸಿಗುವವಳಲ್ಲ. ನಾನು ಕೈ ಹಿಡಿದು, ಎಲ್ಲ ಕಡೆಗೂ ಸೆಟ್ಟಿನಲ್ಲಿ ಹೇಳಿದೆ, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ.

ಮುಂದಿನದು ವಿನೀತ ಹೇಳಿದ್ದು. ಅವನು ಹೆಸರು ಬರೆದುಕೊಳ್ಳುವಷ್ಟರಲ್ಲಿ ಅತ್ತೆ ಎದ್ದೇಬಿಟ್ಟಿದ್ದರು. “ರಾಣೆಬೆನ್ನೂರು ಮಂದಿ ಯಾರ್ರೀ? ಶಿವಗಂಗವ್ವನ ಮಂದಿ ಯಾರ್ರೀ?” ಎಂದು ಕೂಗುತ್ತ ಹೊರಟರಂತೆ. ಒಂದು ವರ್ಷ ಸಣ್ಣಗಿದ್ದ ದನಿ, ಡೊಳ್ಳಿನ ಸದ್ದನ್ನೂ ಸೀಳಿಕೊಂಡು ಹೋಯಿತಂತೆ. ಸೆರಗಿನ ತುದಿ ಹಿಡಿದ ಇವರು ಹಿಂದೆ, ಸೆಟ್ಟು ಹಿಡಿದ ವಿನೀತ ಅವರ ಹಿಂದೆ. ದಂಡೆಯ ಆ ಮೂಲೆಯಲ್ಲಿ ಒಂದು ಗುಂಪು ತಲೆಗೆ ಕೈಹೊತ್ತು ಕೂತಿತ್ತು. ಶಿವಗಂಗವ್ವನ ಮಗ ಅತ್ತೆಯ ಕಾಲಿಗೇ ಬಿದ್ದನಂತೆ.

ವಿನೀತ ಸೆಟ್ಟಿನಲ್ಲಿ ನನಗೆ ತಿಳಿಸಿದ. ನಾನು ಶಿವಗಂಗವ್ವನಿಗೆ ಹೇಳಿದರೆ ಅವಳು ನಂಬಲೊಲ್ಲಳು. “ಸುಮ್ಮನಿರಸಾಕ ಹೇಳತೀರಿ” ಎಂದು ಮತ್ತೆ ಎದ್ದಳು. ಅಷ್ಟರಲ್ಲಿ ಸೆಟ್ಟಿನಿಂದ ನಮ್ಮ ಅತ್ತೆಯ ದನಿ! ವಿನೀತನ ಕೈಯಿಂದ ಕಸಿದುಕೊಂಡಿದ್ದರು.

“ಶಿವಗಂಗವ್ವಾ, ಎಲ್ಲೂ ಹೋಗಬ್ಯಾಡವಾ. ಅಲ್ಲೇ ಕೂಡು. ನಿನ್ನ ಮಗ ನನ್ನ ಮಗ್ಗಲಕ ನಿಂತಾನ. ನಾನೂ ಹ್ವಾದ ವರ್ಷ ಇಲ್ಲೇ ಕಳದಿದ್ನಿ. ಒಂದು ಕಂಬ ಹಿಡಕೊಂಡು ನಿಂತಿದ್ನಿ, ನನ್ನ ಮಗ ಬಂದ. ನಿನ್ನ ಮಗನೂ ಬರತಾನ. ಮೊದಲ ನೀರ್ ಕುಡಿ.”

ಲೈಸೆನ್ಸ್ ಇಲ್ಲದವರು ಗುಂಡಿ ಒತ್ತಕೂಡದು, ಅದು ಕಾಯಿದೆ. ತಡೆಯಬೇಕಾದವಳು ಕಂಟ್ರೋಲಿನಲ್ಲಿ ಕೂತ ನಾನು. ನಾನು ತಡೆಯಲಿಲ್ಲ. ಸೆಟ್ಟನ್ನು ಶಿವಗಂಗವ್ವನ ಕಿವಿಗೆ ಹಿಡಿದು ನಿಂತೆ. ಅವಳು ಕೇಳುತ್ತ ಕೇಳುತ್ತ ಕೆಳಗೆ ಕೂತಳು. ಆಮೇಲೆ ನೀರಿನ ಲೋಟ ತೆಗೆದುಕೊಂಡಳು.

ಅತ್ತೆ ಮಾತು ಮುಗಿಸಿದರೂ ಗುಂಡಿಯಿಂದ ಬೆರಳು ತೆಗೆದಿರಲಿಲ್ಲ. ಅವರು ವಿನೀತನಿಗೆ, “ಹಿಂಗ ಮಾತಾಡಬೇಕಪಾ, ನೀ ಏನು ಇಷ್ಟೊತ್ತನ ಗುಣು ಗುಣು ಅಂತಿ” ಎಂದು ಬೈದದ್ದು ಗಡದ ಬಾಗಿಲಿನಿಂದ ಬಸ್‌ಸ್ಟ್ಯಾಂಡಿನ ತನಕ ಎಲ್ಲ ಸೆಟ್ಟುಗಳಲ್ಲೂ ಬಂತು. ಇನ್‌ಸ್ಪೆಕ್ಟರ್ ಸಾಹೇಬರಿಗೆ ಕನ್ನಡ ಬಾರದು, ಆದರೂ ಟೊಪ್ಪಿಗೆ ತೆಗೆದು ನಗುತ್ತ, ಯಾರವರು ಎಂದು ಮರಾಠಿಯಲ್ಲಿ ಕೇಳಿದರು. ನಮ್ಮ ಅತ್ತೆ ಎಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಾತನ್ನು ಅಷ್ಟು ಹೆಮ್ಮೆಯಿಂದ ನಾನು ಎಂದೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಗ ಬಂದು ಶಿವಗಂಗವ್ವನನ್ನು ಕರೆದುಕೊಂಡು ಹೋದ. ನನಗೆ ಕಣ್ಣು ತುಂಬಿ ಬಂತು, ಮುಂದಿನ ಸಂದೇಶ ಎರಡು ಸಲ ಹೇಳಿಸಿಕೊಳ್ಳಬೇಕಾಯಿತು.

ಬರುವಾಗ ಬಸ್ಸಿನಲ್ಲಿ ವಿನೀತ ಮೆತ್ತಗೆ, “ಅಜ್ಜಿ, ಅದರಾಗ ಮಾತಾಡಾಕ ಲೈಸೆನ್ಸ್ ಬೇಕಾಗತದ್ರಿ” ಎಂದ.

“ಲೈಸೆನ್ಸ್ ಅಂದ್ರ?”

“ಪರೀಕ್ಷಾ ಕೊಡಬೇಕ್ರಿ.”

“ಎಷ್ಟನೇ ಇಯತ್ತೆದ್ದು? ನಾ ಏಳನೇತ್ತಾ ಪಾಸಾಗೇನಿ.” ವಿನೀತ ನಕ್ಕ. ಅತ್ತೆ ನಗಲಿಲ್ಲ. “ನಗಬ್ಯಾಡ. ಬರೂ ಸೋಮವತಿಗೆ ನಾ ಯಾರ ಕೈಯಾಗಿಂದೂ ಕಸಗೊಂಡು ಮಾತಾಡಾಂಗಿಲ್ಲ. ನಂದ ನನ್ನ ಕೈಯಾಗ ಇರಬೇಕು” ಎಂದರು. ನಾನು ಇವರ ಮುಖ ನೋಡಿದೆ. ಜೇಜುರಿ ಮಾತೇ ಮನೆಯಲ್ಲಿ ಬೇಡ ಎಂದಿದ್ದ ಮನುಷ್ಯ, ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದರು.

ಇವತ್ತು ಬೆಳಿಗ್ಗೆ ನಾನು ಚಹಾ ಹಿಡಿದು ಹೊರಗೆ ಬಂದರೆ ಇವರು ಮಾರ್ಕೆಟ್ ಯಾರ್ಡಿನ ಕೆಲಸಕ್ಕೆ ಇನ್ನೂ ಹೊರಟೇ ಇಲ್ಲ. ದಿವಾನದ ಮೇಲೆ ತಾಯಿಯ ಪಕ್ಕದಲ್ಲಿ ಕೂತು, ಅವರ ಕೈ ಹಿಡಿದು ಲೈಸೆನ್ಸ್ ಪರೀಕ್ಷೆಗೆ ಬೇಕೆಂದು ಪಾಟಿಯ ಮೇಲೆ ಇಂಗ್ಲಿಷ್ ಅಕ್ಷರ ತಿದ್ದಿಸುತ್ತಿದ್ದಾರೆ.

ಇಲ್ಲಿಗೆ ನಿಲ್ಲಿಸುತ್ತೇನೆ ಅಣ್ಣಾ. ‘ಕ್ಯೂ’ ಅಕ್ಷರದ ಬಾಲ ಯಾವ ಕಡೆಗೆ ಎಂದು ತಾಯಿ ಮಗನಿಗೆ ಜಗಳ ಹತ್ತಿದೆ, ನಾನು ಹೋಗಲೇಬೇಕು.

ನಿನ್ನ ತಂಗಿ,
ಶೈಲಾ